ಎಫ್11 ಒತ್ತುವ ಮೊದಲು

ವಿಂಡೋಸ್ ಲ್ಯಾಪ್‌ಟಾಪಿನ ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದರೆ ಡಿಸ್ಕ್ ಒಂದು ಉದ್ದನೆಯ ಪಟ್ಟಿಯಾಗಿ ಕಾಣಿಸುತ್ತದೆ. ಎಡ ತುದಿಯಲ್ಲಿ 100 ಇಲ್ಲವೇ 260 ಎಂಬಿಯ ಇಎಫ್‌ಐ ವಿಭಾಗ, ಆಮೇಲೆ ನಾವು ದಿನವೂ ಬಳಸುವ ಸಿ ಡ್ರೈವ್, ಬಲ ತುದಿಯಲ್ಲಿ ಡ್ರೈವ್ ಅಕ್ಷರವೂ ಇಲ್ಲದ ಒಂದೋ ಎರಡೋ ತುಂಡು. ‘ರಿಕವರಿ ಪಾರ್ಟಿಶನ್’ ಎಂದಷ್ಟೇ ಬರೆದಿರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಹೆಲ್ಪ್’ ಬಿಟ್ಟು ಬೇರೆ ಆಯ್ಕೆಯೇ ಬರುವುದಿಲ್ಲ. ಜಾಗ ಸಾಲದೆ ಸಿ ಡ್ರೈವ್ ಕೆಂಪಾಗಿರುವವರ ಕಣ್ಣು ಸಹಜವಾಗಿಯೇ ಇದರ ಮೇಲೆ ಬೀಳುತ್ತದೆ. ಯಾಕೆ ಸುಮ್ಮನೆ ಕೂತಿದೆ ಇದು, ಅಳಿಸಿಬಿಟ್ಟರೆ ಏನಾಗುತ್ತೆ?

ಅಳಿಸಿದ ದಿನ ಏನೂ ಆಗುವುದಿಲ್ಲ. ಲ್ಯಾಪ್‌ಟಾಪ್ ಎಂದಿನಂತೆ ಓಡುತ್ತದೆ, ಸಿ ಡ್ರೈವಿಗೆ ಒಂದಿಷ್ಟು ಜಾಗ ಸಿಕ್ಕ ಖುಷಿಯೂ ಇರುತ್ತದೆ. ಮುಂದೊಂದು ದಿನ ವಿಂಡೋಸ್ ಮೇಲೇಳದೆ ನೀಲಿ ಪರದೆಯಲ್ಲೇ ಸುತ್ತುತ್ತಿರುವಾಗ ಯಾರೋ ‘ಎಫ್11 ಒತ್ತಿ ನೋಡು’ ಎನ್ನುತ್ತಾರೆ. ಒತ್ತಿದರೆ ಏನೂ ಬರುವುದಿಲ್ಲ. ಹಾಗೆಂದು ಡಿಸ್ಕಿನಲ್ಲಿ ಜಾಗ ಕಡಿಮೆ ಕಾಣುವ ತಪ್ಪನ್ನೆಲ್ಲ ಈ ವಿಭಾಗದ ತಲೆಗೆ ಕಟ್ಟುವುದೂ ಬೇಡ. 500 ಜಿಬಿ ಎಂದು ಕೊಂಡ ಡಿಸ್ಕ್ 465 ಎಂದು ತೋರಿಸಿದರೆ ಕದ್ದವರು ಯಾರೂ ಅಲ್ಲ. ಡಿಸ್ಕ್ ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

ತೊಂಬತ್ತರ ದಶಕದಲ್ಲಿ ಬ್ರ್ಯಾಂಡೆಡ್ ಕಂಪ್ಯೂಟರ್ ಕೊಂಡರೆ ಪೆಟ್ಟಿಗೆಯಲ್ಲಿ ವಿಂಡೋಸ್ ಸಿಡಿ ಸಾಮಾನ್ಯವಾಗಿ ಇರುತ್ತಿತ್ತು. 2000ದ ಆಸುಪಾಸಿನಿಂದ ಅದು ಕಣ್ಮರೆಯಾಯಿತು. ಸಿಡಿ ಕೈಯಿಂದ ಕೈಗೆ ದಾಟಿ ಹತ್ತಾರು ಕಂಪ್ಯೂಟರಿಗೆ ಹೋಗುತ್ತದೆಂಬ ಚಿಂತೆ ಮೈಕ್ರೋಸಾಫ್ಟಿಗೆ. ಒಂದು ಸಿಡಿ ಉಳಿದರೂ ಲಕ್ಷಗಟ್ಟಲೆ ಪೆಟ್ಟಿಗೆಗಳ ಲೆಕ್ಕದಲ್ಲಿ ಅದು ದೊಡ್ಡ ಉಳಿತಾಯವೆಂಬ ಎಣಿಕೆ ತಯಾರಕರಿಗೆ. ಇಬ್ಬರಿಗೂ ಒಪ್ಪಿಗೆಯಾದ ದಾರಿಯೆಂದರೆ ಕಾರ್ಖಾನೆಯಲ್ಲಿ ತುಂಬಿದ ವಿಂಡೋಸ್, ಡ್ರೈವರ್‌ಗಳು ಮತ್ತು ಕಂಪನಿಯ ತಂತ್ರಾಂಶಗಳ ಅಚ್ಚನ್ನು ಗ್ರಾಹಕ ದುಡ್ಡು ಕೊಟ್ಟ ಡಿಸ್ಕಿನಲ್ಲೇ ಒಂದಷ್ಟು ಜಾಗ ಕತ್ತರಿಸಿ ಬಚ್ಚಿಡುವುದು. ಅಲ್ಲಿಗೆ ಮೂಲವೂ ಮೀಸಲೂ ಒಂದೇ ಡಿಸ್ಕಿನ ಪಾಲಾದವು. ಉಣ್ಣುವ ಜೋಳ, ಬಿತ್ತುವ ಜೋಳ ಎರಡನ್ನೂ ಒಂದೇ ಹಗೇವಿಗೆ ಸುರಿದ ಹಾಗೆ. ನೀರು ನುಗ್ಗಿದರೆ ಊಟವೂ ಹೋಯಿತು, ಬಿತ್ತನೆಯೂ ಹೋಯಿತು. ವೈರಸ್ ಬಂದಾಗ, ವಿಂಡೋಸ್ ಕೆಟ್ಟಾಗ ಈ ವಿಭಾಗ ಕೈಹಿಡಿಯುತ್ತದೆ. ಡಿಸ್ಕೇ ಸತ್ತಾಗ ಅದೂ ಜೊತೆಗೇ ಸಾಯುತ್ತದೆ.

ಈ ಕೊರತೆ ಕಂಪನಿಗಳಿಗೂ ಗೊತ್ತಿತ್ತು. ಹೊಸ ಲ್ಯಾಪ್‌ಟಾಪ್ ಮೊದಲ ಸಲ ತೆರೆದ ಕೂಡಲೇ ‘ರಿಕವರಿ ಡಿವಿಡಿ ಮಾಡಿಕೊಳ್ಳಿ’ ಎಂಬ ಕಿಟಕಿ ಮೂಲೆಯಲ್ಲಿ ಏಳುತ್ತಿತ್ತು. ಮೂರೋ ನಾಲ್ಕೋ ಖಾಲಿ ಡಿವಿಡಿ ತಂದು, ಗಂಟೆಗಟ್ಟಲೆ ಕೂತು ಸುಡಬೇಕಿದ್ದ ಕೆಲಸ ಅದು. ಎಚ್‌ಪಿಯ ತಂತ್ರಾಂಶ ಒಂದೇ ಒಂದು ಸೆಟ್ ಮಾಡಲು ಬಿಡುತ್ತಿತ್ತು, ಎರಡನೆಯದಕ್ಕೆ ಅವಕಾಶವಿರಲಿಲ್ಲ. ಬಹುಪಾಲು ಜನ ‘ಆಮೇಲೆ ನೆನಪಿಸು’ ಒತ್ತಿ ಸುಮ್ಮನಾದರು.

ಆ ಕಾಲದಲ್ಲಿ ಬಚ್ಚಿಟ್ಟಿದ್ದನ್ನು ಎಬ್ಬಿಸುವ ಕೀಲಿ ಒಬ್ಬೊಬ್ಬರದು ಒಂದೊಂದು. ಎಚ್‌ಪಿಗೆ ಎಫ್11, ಏಸರ್‌ಗೆ ಆಲ್ಟ್ ಮತ್ತು ಎಫ್10, ಅಸೂಸ್‌ಗೆ ಎಫ್9, ಸ್ಯಾಮ್‌ಸಂಗ್‌ಗೆ ಎಫ್4, ಹಳೆಯ ಡೆಲ್‌ಗೆ ಕಂಟ್ರೋಲ್ ಮತ್ತು ಎಫ್11. ತೋಷಿಬಾದಲ್ಲಿ ಸೊನ್ನೆಯ ಕೀಲಿ ಒತ್ತಿ ಹಿಡಿದು ಪವರ್ ಹಾಕಬೇಕಿತ್ತು. ಲೆನೊವೊ ಐಡಿಯಾಪ್ಯಾಡಿನ ಪಕ್ಕದಲ್ಲಿ ಸೂಜಿ ಚುಚ್ಚುವಷ್ಟು ಸಣ್ಣ ತೂತಿನೊಳಗೆ ‘ನೊವೊ’ ಗುಂಡಿ ಕೂತಿರುತ್ತಿತ್ತು. ಐಬಿಎಂ ಕಾಲದ ಥಿಂಕ್‌ಪ್ಯಾಡ್‌ಗಳಲ್ಲಿ ಕೆಲವು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದವು. ಡಿಸ್ಕಿನ ಕೊನೆಯ ಭಾಗವನ್ನು ‘ಹೋಸ್ಟ್ ಪ್ರೊಟೆಕ್ಟೆಡ್ ಏರಿಯಾ’ ಎಂದು ಬೇಲಿ ಹಾಕಿ, ಡಿಸ್ಕ್ ತನ್ನ ಅಳತೆಯನ್ನೇ ಕಡಿಮೆ ಹೇಳುವಂತೆ ಮಾಡಿದ್ದರು. ವಿಭಾಗ ತೋರಿಸುವ ತಂತ್ರಾಂಶಕ್ಕೆ ಅಲ್ಲೊಂದು ಜಾಗ ಇದೆಯೆಂಬ ಸುಳಿವೂ ಸಿಗುತ್ತಿರಲಿಲ್ಲ.

ಇವುಗಳಲ್ಲಿ ಏಸರ್‌ನದು ಬಿಚ್ಚಿ ನೋಡಲು ಒಳ್ಳೆಯ ಉದಾಹರಣೆ. ವಿಭಾಗವನ್ನು ನಕಲು ಮಾಡುವುದು ಸುಲಭ, ಮತ್ತೆ ಕೆಲಸಕ್ಕೆ ಹಚ್ಚುವುದು ಕಷ್ಟ ಏಕೆಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿಸ್ಟಾ ಮತ್ತು ವಿಂಡೋಸ್ 7ರ ಕಾಲದ ಏಸರ್ ಆಸ್ಪೈರ್‌ನಲ್ಲಿ ಡಿಸ್ಕಿನ ಮೊದಲಲ್ಲೇ ‘ಪಿಕ್ಯೂ‌ಸರ್ವಿಸ್’ ಎಂಬ ಹೆಸರಿನ ವಿಭಾಗ ಇರುತ್ತಿತ್ತು. ಆಲ್ಟ್-ಎಫ್10 ಒತ್ತಿದರೆ ಅದು ಎದ್ದು ಬರಲು ಮೂರು ಕಡೆ ಎಲ್ಲವೂ ಸರಿಯಿರಬೇಕು. ಬಯೋಸ್‌ನಲ್ಲಿ ‘ಡಿ2ಡಿ ರಿಕವರಿ’ ಎಂಬ ಆಯ್ಕೆ ಚಾಲೂ ಇರಬೇಕು. ಡಿಸ್ಕಿನ ಮೊಟ್ಟಮೊದಲ ಸೆಕ್ಟರ್‌ನಲ್ಲಿ, ಅಂದರೆ ಎಂಬಿಆರ್‌ನಲ್ಲಿ, ಏಸರ್ ಬರೆದಿಟ್ಟ ವಿಶೇಷ ಸಂಕೇತ ಇರಬೇಕು. ಕೀಲಿ ಒತ್ತಿದ್ದನ್ನು ಗಮನಿಸಿ ಬಚ್ಚಿಟ್ಟ ವಿಭಾಗದತ್ತ ತಿರುಗಿಸುವುದು ಅದೇ. ಇನ್ನು ವಿಭಾಗದ ಪಟ್ಟಿಯಲ್ಲಿ ಪಿಕ್ಯೂಸರ್ವಿಸ್‌ಗೆ 12 ಅಥವಾ 27 ಎಂಬ ಹೆಕ್ಸ್ ಗುರುತು ಇರಬೇಕು. ಸಾಮಾನ್ಯ ವಿಂಡೋಸ್ ಡ್ರೈವಿನ ಗುರುತು 07. ಆ ಒಂದು ಅಂಕಿ ಬದಲಾದರೆ ಸಾಕು, ವಿಂಡೋಸ್ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು ಎಲ್ಲರೆದುರಿಗೆ ತಂದು ನಿಲ್ಲಿಸುತ್ತದೆ.

ಉಬುಂಟು ಲಿನಕ್ಸ್ ಹಾಕಿಕೊಂಡ ಹುಡುಗರು ಬಿದ್ದದ್ದು ಈ ಎರಡನೆಯ ಕೊಂಡಿಯಲ್ಲಿ. ಲಿನಕ್ಸಿನ ಬೂಟ್‌ಲೋಡರ್ ಗ್ರಬ್ ಬಂದು ಎಂಬಿಆರ್‌ನಲ್ಲಿ ಕೂತಾಗ ಏಸರ್‌ನ ಸಂಕೇತ ಅಳಿಸಿಹೋಗುತ್ತಿತ್ತು. ಹತ್ತು ಜಿಬಿಯ ವಿಭಾಗ ಒಂದು ಬೈಟೂ ಮುಕ್ಕಾಗದೆ ಹಾಗೆಯೇ ಇದೆ, ಆದರೆ ಆಲ್ಟ್-ಎಫ್10 ಕೇಳಿಸಿಕೊಳ್ಳುವವರಿಲ್ಲ. ಡೆಲ್‌ನ ಕಂಟ್ರೋಲ್-ಎಫ್11ಕ್ಕೂ ಇದೇ ಕಾಯಿಲೆ. ಏಸರ್‌ನವರು ಮದ್ದನ್ನೂ ಒಳಗೇ ಇಟ್ಟಿದ್ದರು: ಪಿಕ್ಯೂಸರ್ವಿಸ್‌ನೊಳಗೆ ‘ಆರ್‌ಟಿಎಂಬಿಆರ್’ ಹೆಸರಿನ ಪುಟ್ಟ ಕಡತ, ಅದನ್ನು ಎಂಬಿಆರ್‌ಗೆ ಬರೆಯುವ ಇನ್ನೊಂದು ಪುಟ್ಟ ಪ್ರೋಗ್ರಾಂ. ಅದೂ ಬೇಡವೆಂದರೆ ಪಿಕ್ಯೂಸರ್ವಿಸ್ ವಿಭಾಗವನ್ನೇ ‘ಆ್ಯಕ್ಟಿವ್’ ಎಂದು ಗುರುತು ಮಾಡಿ ಕಂಪ್ಯೂಟರ್ ಮರುಚಾಲೂ ಮಾಡಿದರೆ ಕೀಲಿಯ ಹಂಗಿಲ್ಲದೆ ನೇರ ಅಲ್ಲಿಂದಲೇ ಎದ್ದೇಳುತ್ತಿತ್ತು.

ಎಂಬಿಆರ್ ನಕಲು ಮಾಡುವವರು ತಿಳಿದಿರಲೇಬೇಕಾದ ಲೆಕ್ಕ ಒಂದಿದೆ. ಆ ಸೆಕ್ಟರ್ 512 ಬೈಟ್‌ನದು. ಮೊದಲ 446 ಬೈಟ್ ಸಂಕೇತಕ್ಕೆ, ನಂತರದ 64 ಬೈಟ್ ವಿಭಾಗಗಳ ಪಟ್ಟಿಗೆ, ಕೊನೆಯ ಎರಡು ಬೈಟ್ ಮುದ್ರೆಗೆ. ಲಿನಕ್ಸಿನ ‘ಡಿಡಿ’ ಆಜ್ಞೆಯಿಂದ ಪೂರ್ತಿ 512ನ್ನೂ ನಕಲಿಸಿ ಇಟ್ಟುಕೊಂಡು, ಮಧ್ಯೆ ವಿಭಾಗಗಳ ಗಾತ್ರ ಬದಲಾಯಿಸಿ, ಮುಂದೆ ಅಷ್ಟನ್ನೂ ಮರಳಿ ಬರೆದರೆ ಹಳೆಯ ಪಟ್ಟಿ ಹೊಸದರ ಮೇಲೆ ಕೂರುತ್ತದೆ. ಡಿಸ್ಕಿನಲ್ಲಿ ಇಲ್ಲದ ಗಡಿಗಳನ್ನು ಕಂಪ್ಯೂಟರ್ ಹುಡುಕತೊಡಗುತ್ತದೆ. ಸಂಕೇತವಷ್ಟೇ ಬೇಕಾದಾಗ 446 ಬೈಟ್ ಮಾತ್ರ ಮರಳಿ ಬರೆಯಬೇಕು. ಫ್ಯಾಕ್ಟರಿ ರಿಕವರಿಯ ಕೆಲಸದಲ್ಲಿ ನಾನು ಕಂಡಂತೆ ಜನ ಹತ್ತು ಜಿಬಿಯ ವಿಭಾಗವನ್ನು ಜೋಪಾನವಾಗಿ ನಕಲಿಸಿಟ್ಟು ಈ 446 ಬೈಟನ್ನು ಮರೆಯುತ್ತಾರೆ.

2012ರಲ್ಲಿ ವಿಂಡೋಸ್ 8 ಬಂದ ಮೇಲೆ ಚಿತ್ರ ಬದಲಾಯಿತು. ಬಯೋಸ್ ಜಾಗಕ್ಕೆ ಯುಇಎಫ್‌ಐ, ಎಂಬಿಆರ್ ಜಾಗಕ್ಕೆ ಜಿಪಿಟಿ. ಎರಡಂಕಿಯ ಗುರುತು ಹೋಗಿ 32 ಅಕ್ಷರ-ಅಂಕಿಗಳ ಉದ್ದನೆಯ ಗುರುತು ಬಂತು, ರಿಕವರಿ ವಿಭಾಗಕ್ಕೆ ಅದು ಹೆಚ್ಚಿನ ಕಂಪನಿಗಳಲ್ಲಿ ಒಂದೇ. ವಿಂಡೋಸ್‌ನೊಳಗೇ ‘ರೀಸೆಟ್’ ಸೇರಿತು. 2015ರ ವಿಂಡೋಸ್ 10 ಇನ್ನೂ ಮುಂದೆ ಹೋಗಿ, ಸಿ ಡ್ರೈವಿನಲ್ಲಿ ಈಗಾಗಲೇ ಇರುವ ವ್ಯವಸ್ಥೆಯ ಕಡತಗಳಿಂದಲೇ ಹೊಸ ವಿಂಡೋಸ್ ಕಟ್ಟಿಕೊಳ್ಳುವುದನ್ನು ಕಲಿಯಿತು. ದೊಡ್ಡ ಅಚ್ಚಿನ ಅಗತ್ಯವೇ ತಪ್ಪಿದ್ದರಿಂದ ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಹತ್ತಿಪ್ಪತ್ತು ಜಿಬಿಯ ಹಳೆಯ ವಿಭಾಗ ಇಲ್ಲ. ಇರುವುದು ಅರ್ಧದಿಂದ ಒಂದೆರಡು ಜಿಬಿಯ ‘ವಿಂಡೋಸ್ ಆರ್‌ಇ’, ಅಂದರೆ ರಿಪೇರಿ ಮಾಡುವ ಪುಟ್ಟ ವಿಂಡೋಸ್. 2020ರಲ್ಲಿ ‘ಕ್ಲೌಡ್ ಡೌನ್‌ಲೋಡ್’ ಸೇರಿದ ಮೇಲೆ ಸಿ ಡ್ರೈವಿನ ಕಡತಗಳು ಕೆಟ್ಟಿದ್ದರೂ ಸುಮಾರು 4 ಜಿಬಿ ಇಳಿಸಿಕೊಂಡು ರೀಸೆಟ್ ಮಾಡಬಹುದು. ಆದರೆ ಈ ರೀಸೆಟ್ ಕೂಡ ವಿಂಡೋಸ್ ಏಳದಿದ್ದಾಗ ಆರ್‌ಇ ವಿಭಾಗದಿಂದಲೇ ಶುರುವಾಗಬೇಕು. ಗಾತ್ರ ಕುಗ್ಗಿದೆ, ಅವಲಂಬನೆ ಕುಗ್ಗಿಲ್ಲ.

ಈ ಪುಟ್ಟ ವಿಭಾಗವೂ ತಲೆನೋವಾಗಬಲ್ಲದೆಂದು 2024ರ ಜನವರಿಯಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಬೀಗವನ್ನು ಆರ್‌ಇ ಮೂಲಕ ದಾಟಬಹುದಾದ ಲೋಪವೊಂದನ್ನು ಮುಚ್ಚಲು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೆಬಿ5034441 ಎಂಬ ಅಪ್‌ಡೇಟ್ ಬಿಟ್ಟಿತು. ಹೊಸ ಆರ್‌ಇ ಹಳೆಯ ವಿಭಾಗದಲ್ಲಿ ಹಿಡಿಸಲೇ ಇಲ್ಲ. ಅಸಂಖ್ಯ ಜನರ ಪರದೆಯಲ್ಲಿ 0ಎಕ್ಸ್80070643 ಎಂಬ, ಯಾರಿಗೂ ಏನೂ ಹೇಳದ ದೋಷಸಂಖ್ಯೆ. ಮೈಕ್ರೋಸಾಫ್ಟ್ ಕೊಟ್ಟ ಪರಿಹಾರ: ನೀವೇ ಕಮಾಂಡ್ ಪ್ರಾಂಪ್ಟ್ ತೆರೆದು, ಸಿ ಡ್ರೈವನ್ನು 250 ಎಂಬಿ ಕುಗ್ಗಿಸಿ, ರಿಕವರಿ ವಿಭಾಗವನ್ನು ಅಳಿಸಿ, ದೊಡ್ಡದಾಗಿ ಮತ್ತೆ ಕಟ್ಟಿಕೊಳ್ಳಿ. ಬ್ಯಾಂಕ್ ಕೆಲಸಕ್ಕೂ ಮಕ್ಕಳ ಪಾಠಕ್ಕೂ ಲ್ಯಾಪ್‌ಟಾಪ್ ಇಟ್ಟುಕೊಂಡ ಮನೆಯವರಿಗೆ ಹೇಳುವ ಮಾತೇ ಇದು? ಆದರೂ ಆ ಕ್ರಮದಲ್ಲಿ ಉಪಯೋಗದ ಸಂಗತಿಯೊಂದಿದೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ರಿಏಜೆಂಟ್‌ಸಿ’ ಆಜ್ಞೆಗೆ ‘ಇನ್ಫೋ’ ಸೇರಿಸಿದರೆ ಆರ್‌ಇ ಯಾವ ವಿಭಾಗದಲ್ಲಿದೆ, ಚಾಲೂ ಇದೆಯೋ ಇಲ್ಲವೋ ತೋರಿಸುತ್ತದೆ. ‘ಡಿಸೇಬಲ್’ ಸೇರಿಸಿದರೆ ‘ವಿನ್‌ಆರ್‌ಇ’ ಎಂಬ ಮುಖ್ಯ ಕಡತ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ, ಸಿಸ್ಟಂ32ರ ‘ರಿಕವರಿ’ಗೆ ಬಂದು ಕೂರುತ್ತದೆ. ಅಲ್ಲಿಂದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ‘ಎನೇಬಲ್’ ಮಾಡಿದರೆ ಆರ್‌ಇಯ ಬ್ಯಾಕಪ್ ಮುಗಿಯಿತು. ಮುಂದೆ ವಿಭಾಗ ಹಾಳಾದರೆ ಹೊಸ ವಿಭಾಗ ಕಟ್ಟಿ, ಆ ಕಡತವನ್ನು ಅದೇ ಫೋಲ್ಡರಿನಲ್ಲಿಟ್ಟು ಮತ್ತೆ ‘ಎನೇಬಲ್’ ಮಾಡಬಹುದು.

ಪೂರ್ತಿ ಬ್ಯಾಕಪ್ ಬೇಕಾದವರಿಗೆ ಮೊದಲ ದಾರಿ ವಿಂಡೋಸ್‌ನದೇ ‘ಕ್ರಿಯೇಟ್ ಎ ರಿಕವರಿ ಡ್ರೈವ್’. ಕನಿಷ್ಠ 16 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ. ಸಿಸ್ಟಂ ಕಡತಗಳನ್ನೂ ಸೇರಿಸುವ ಚೌಕಕ್ಕೆ ಟಿಕ್ ಹಾಕದಿದ್ದರೆ ಸಿಗುವುದು ರಿಪೇರಿ ಸಾಧನ ಮಾತ್ರ, ಅದರಿಂದ ವಿಂಡೋಸ್ ಮತ್ತೆ ಹಾಕಲಾಗದು. ವಿಂಡೋಸ್ 8ರ ದಿನಗಳಲ್ಲಿ ಇದೇ ತಂತ್ರಾಂಶ ಕಂಪನಿಯ ರಿಕವರಿ ವಿಭಾಗವನ್ನು ಪೆನ್‌ಡ್ರೈವಿಗೆ ನಕಲಿಸಿ, ಕೊನೆಯಲ್ಲಿ ‘ಡಿಸ್ಕಿನಿಂದ ಆ ವಿಭಾಗ ಅಳಿಸಲೇ?’ ಎಂದೂ ಕೇಳುತ್ತಿತ್ತು. ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಏಳುತ್ತದೆಯೇ ಎಂದು ಒಮ್ಮೆಯೂ ಪರೀಕ್ಷಿಸುವ ಮೊದಲೇ ಅಳಿಸುವ ಆಮಿಷ ಒಡ್ಡುವುದು ಒಳ್ಳೆಯ ವಿನ್ಯಾಸವೆಂದು ನನಗೆ ಎಂದೂ ಅನಿಸಿಲ್ಲ.

ಎರಡನೆಯದು ಕಂಪನಿಗಳ ಜಾಲತಾಣ. ಡೆಲ್, ಎಚ್‌ಪಿ, ಲೆನೊವೊ ಮೂವರೂ ನಿಮ್ಮ ಮಾದರಿಗೆ ಹೊಂದುವ ಅಚ್ಚನ್ನು ಪೆನ್‌ಡ್ರೈವಿಗೆ ಇಳಿಸುವ ಸಾಧನ ಕೊಡುತ್ತಾರೆ. ಲ್ಯಾಪ್‌ಟಾಪಿನ ತಳದಲ್ಲಿರುವ ಸರ್ವಿಸ್ ಟ್ಯಾಗ್ ಅಥವಾ ಸೀರಿಯಲ್ ಸಂಖ್ಯೆ ಬೇಕು. ಇದು ಸಿಗುವ ಮಾದರಿಗಳಿಗೆ ಇದಕ್ಕಿಂತ ಸಲೀಸಾದ ದಾರಿಯಿಲ್ಲ.

ಮೂರನೆಯದು ಹಳೆಯ, ಅಪರೂಪದ ಯಂತ್ರಗಳಿಗೆ: ವಿಭಾಗದ ಇಮೇಜ್ ತೆಗೆಯುವುದು. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ‘ನಾರ್ಟನ್ ಘೋಸ್ಟ್’ ಈಗ ಮಾರುಕಟ್ಟೆಯಲ್ಲಿಲ್ಲ. ಅದರ ಕೆಲಸವನ್ನು ಈಗ ತೈವಾನಿನಲ್ಲಿ ರೂಪುಗೊಂಡ ಉಚಿತ ತಂತ್ರಾಂಶ ಕ್ಲೋನ್‌ಝಿಲಾ ಮಾಡುತ್ತದೆ. ಪೆನ್‌ಡ್ರೈವಿನಿಂದ ಅದನ್ನು ಚಾಲೂ ಮಾಡಿ, ಹೊರಗಿನ ಹಾರ್ಡ್‌ಡಿಸ್ಕ್ ಜೋಡಿಸಿ ‘ಸೇವ್‌ಪಾರ್ಟ್ಸ್’ ಆರಿಸಿದರೆ ಬೇಕಾದ ವಿಭಾಗವನ್ನಷ್ಟೇ ಕುಗ್ಗಿಸಿ ಉಳಿಸುತ್ತದೆ, ಜೊತೆಗೆ ವಿಭಾಗಗಳ ಪಟ್ಟಿಯನ್ನೂ ಎಂಬಿಆರ್ ಅನ್ನೂ. ಸಾಧ್ಯವಿದ್ದರೆ ‘ಸೇವ್‌ಡಿಸ್ಕ್’ ಆರಿಸಿ ಇಡೀ ಡಿಸ್ಕನ್ನೇ ಉಳಿಸುವುದು ಉತ್ತಮ. ಏಸರ್‌ನ ಕಥೆಯಲ್ಲಿ ಕಂಡ ಆ ಕೊಂಡಿಗಳೆಲ್ಲ ಆಗ ಜೊತೆಗೇ ಬರುತ್ತವೆ. ಮರಳಿ ಹಾಕುವಾಗ ಹೊಸ ಡಿಸ್ಕ್ ಹಳೆಯದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 500 ಜಿಬಿಯ ಹಾರ್ಡ್‌ಡಿಸ್ಕಿನಿಂದ 256ರ ಎಸ್‌ಎಸ್‌ಡಿಗೆ ಹೋಗುವವರು ಇಲ್ಲೇ ಎಡವುವುದು, ಒಳಗಿನ ದತ್ತಾಂಶ ಬರೀ 60 ಜಿಬಿ ಇದ್ದರೂ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಡಿಸ್ಕಿನ ಹೆಸರು ಆರಿಸುವ ಪರದೆಯಲ್ಲಿ. ಅಲ್ಲಿ ಸಿ, ಡಿ ಇಲ್ಲ, ‘ಎಸ್‌ಡಿಎ’, ‘ಎಸ್‌ಡಿಬಿ’, ‘ಎನ್‌ವಿಎಂಇ0ಎನ್1’ ಎಂಬ ಲಿನಕ್ಸ್ ಹೆಸರುಗಳು. ಗಾತ್ರ ಮತ್ತು ಕಂಪನಿಯ ಹೆಸರು ಓದಿ ಖಚಿತಪಡಿಸಿಕೊಳ್ಳದೆ ‘ರಿಸ್ಟೋರ್‌ಡಿಸ್ಕ್’ ಒತ್ತಿದರೆ ಬೇರಾವುದೋ ಡಿಸ್ಕಿನ ಮೇಲೆ ಬರೆದುಬಿಡುವ ಅಪಾಯವುಂಟು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಬೀಗ ಸೇರಿಕೊಂಡಿದೆ. ವಿಂಡೋಸ್ 11ರ 2024ರ ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಶುರು ಮಾಡಿದ ಬಹುತೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ರಿಕವರಿ ವಿಭಾಗಕ್ಕೆ ಈ ಬೀಗ ಇರುವುದಿಲ್ಲ, ಸಿ ಡ್ರೈವಿಗೆ ಇರುತ್ತದೆ. ಆರ್‌ಇ ಎದ್ದು ಸಿ ಡ್ರೈವನ್ನು ರಿಪೇರಿ ಮಾಡಲು ಹೊರಟಾಗ 48 ಅಂಕಿಯ ಕೀಲಿ ಕೇಳಬಹುದು. ಆ ಕೀಲಿ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯ ಹುಡುಗನೇ ಖಾತೆ ತೆರೆದುಕೊಟ್ಟಿದ್ದರೆ, ಯಾವ ಖಾತೆ, ಯಾವ ಪಾಸ್‌ವರ್ಡ್ ಎಂದು ಈಗಲೇ ವಿಚಾರಿಸಿಕೊಳ್ಳಿ. ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಇಷ್ಟೆಲ್ಲ ಮಾಡಿ ಮರಳಿ ಪಡೆಯುವುದಾದರೂ ಏನು? ಫ್ಯಾಕ್ಟರಿ ರಿಕವರಿ ನಿಮ್ಮ ಫೋಟೊ, ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಕಡತ ಯಾವುದನ್ನೂ ತಂದುಕೊಡುವುದಿಲ್ಲ. ಅದು ಸಿ ಡ್ರೈವನ್ನು ಅಳಿಸಿ ಅಂಗಡಿಯಿಂದ ತಂದ ದಿನಕ್ಕೆ ಒಯ್ಯುತ್ತದೆ, ಕೆಲವು ಕಂಪನಿಗಳದು ಡಿ ಡ್ರೈವನ್ನೂ ಬಿಡುವುದಿಲ್ಲ. ಆ ದಿನದ ಟ್ರಯಲ್ ಆ್ಯಂಟಿವೈರಸ್, ಬೇಡದ ಆಟಗಳು ಎಲ್ಲವೂ ಮರಳಿ ಬರುತ್ತವೆ. ವಿಂಡೋಸ್ 7ರ ಅಚ್ಚಾದರೆ ಭದ್ರತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ಅದರೊಡನೆ ಬರುವ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಇಂದಿನ ಬಹುಪಾಲು ಜಾಲತಾಣಗಳನ್ನು ತೆರೆಯಲಾರದು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಹಾಗಾಗಿ ಐದಾರು ವರ್ಷದೊಳಗಿನ ಲ್ಯಾಪ್‌ಟಾಪ್ ಆದರೆ ಮೈಕ್ರೋಸಾಫ್ಟಿನಿಂದ ಹೊಸ ವಿಂಡೋಸನ್ನು 8 ಜಿಬಿ ಪೆನ್‌ಡ್ರೈವಿಗೆ ಇಳಿಸಿ ಶುಚಿಯಾಗಿ ಹಾಕಿಕೊಳ್ಳುವುದೇ ನನ್ನ ಆಯ್ಕೆ. ಲೈಸೆನ್ಸ್ ಬಗ್ಗೆ ಹೆದರಬೇಕಿಲ್ಲ. ವಿಂಡೋಸ್ 8ರಿಂದ ಈಚೆಗೆ ಪ್ರಾಡಕ್ಟ್ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ ಕೂತಿರುತ್ತದೆ, ನಮ್ಮಲ್ಲಿ ಹೆಚ್ಚಾಗಿ ಸಿಗುವ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಆವೃತ್ತಿಯನ್ನೂ ಅದೇ ಗುರುತಿಸಿಕೊಳ್ಳುತ್ತದೆ. ವಿಂಡೋಸ್ 7ರವರೆಗಿನ ಯಂತ್ರಗಳ ಕಥೆ ಬೇರೆ. ಅವುಗಳಲ್ಲಿ ಕಾರ್ಖಾನೆಯ ಅಚ್ಚು ಬಯೋಸ್‌ನ ಗುರುತು ನೋಡಿ ತಾನಾಗಿ ಆ್ಯಕ್ಟಿವೇಟ್ ಆಗುತ್ತಿತ್ತು, ಬೇರೆ ಸಿಡಿಯಿಂದ ಹಾಕಿದರೆ ತಳದ ಚೀಟಿಯಲ್ಲಿರುವ ಕೀ ಬೇಕು. ಹದಿನೈದು ವರ್ಷ ತೊಡೆಯ ಮೇಲೆ ಉಜ್ಜಿದ ಚೀಟಿಯಲ್ಲಿ 25 ಅಕ್ಷರ ಓದಲಾಗುತ್ತದೆಯೇ?

ಹಳೆಯ ವಿಭಾಗಕ್ಕೆ ಬೆಲೆ ಬರುವುದು ಡ್ರೈವರ್‌ಗಳಿಂದ. ಬೆರಳಚ್ಚಿನ ಸೆನ್ಸರ್, ಬೆಳಕು ಏರಿಳಿಸುವ ಕೀಲಿ, ಕಾರ್ಡ್ ರೀಡರ್ ಇಂಥ ಚಿಲ್ಲರೆ ಭಾಗಗಳ ಡ್ರೈವರ್ ಮೈಕ್ರೋಸಾಫ್ಟಿನ ಬಳಿ ಇರುವುದು ಖಚಿತವಿಲ್ಲ, ತಯಾರಕರ ಬಳಿ ಎಂದೆಂದಿಗೂ ಇರುತ್ತದೆಂಬ ಭರವಸೆಯೂ ಇಲ್ಲ. ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯೊಳಗೆ ಕರಗಿತು. ಐಬಿಎಂ ತನ್ನ ಪಿಸಿ ವ್ಯವಹಾರವನ್ನು 2005ರಲ್ಲಿ ಲೆನೊವೊಗೆ ಕೊಟ್ಟಿತು. ಸೋನಿ 2014ರಲ್ಲಿ ವಾಯೊ ಮಾರಿತು, ತೋಷಿಬಾ 2020ರಲ್ಲಿ ಲ್ಯಾಪ್‌ಟಾಪ್ ವ್ಯವಹಾರದಿಂದ ಪೂರ್ತಿ ಹೊರಬಿತ್ತು. ಇವರ ಹಳೆಯ ಯಂತ್ರವೊಂದು ಮಿಲ್ಲಿನ ತೂಕದ ಮಾಪಕಕ್ಕೋ ಲ್ಯಾಬಿನ ಉಪಕರಣಕ್ಕೋ ಜೋಡಿಸಿಕೊಂಡು ಇಂದಿಗೂ ದುಡಿಯುತ್ತಿದ್ದರೆ, ಬಚ್ಚಿಟ್ಟ ಆ ಹತ್ತು ಜಿಬಿಯೇ ಅದರ ಡ್ರೈವರ್‌ಗಳ ಕೊನೆಯ ಪ್ರತಿಯಾಗಿರಬಹುದು.

ಹೆಚ್ಚಿನ ರಿಕವರಿ ವಿಭಾಗಗಳು ಕಳೆದುಹೋಗುವುದು ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವಾಗ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೂತ ಜಾಗದಲ್ಲೇ ಆಗುವ ಕೆಲಸವಿದು. ತಮ್ಮ ಬಳಿಯ ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿ ಕೊಡುತ್ತಾರೆ, ಲ್ಯಾಪ್‌ಟಾಪ್ ಚುರುಕಾಗುತ್ತದೆ, ಹಳೆಯ ಡಿಸ್ಕ್ ಮೇಜಿನ ಮೇಲೆಯೇ ಉಳಿಯುತ್ತದೆ. ಅದನ್ನು ಕೇಳಿ ವಾಪಸ್ ತನ್ನಿ. ಅದರಲ್ಲಿ ನಿಮ್ಮ ಖಾಸಗಿ ಕಡತಗಳಿವೆ ಎಂಬುದು ಒಂದು ಕಾರಣ. ಇನ್ನೊಂದು, ಎಂಬಿಆರ್‌ನಿಂದ ಹಿಡಿದು ವಿಭಾಗದ ಗುರುತಿನವರೆಗೆ ಎಲ್ಲ ಕೊಂಡಿಗಳೂ ಹಾಗೆಯೇ ಇರುವ, ಯಾವ ಇಮೇಜ್‌ಗೂ ಸಾಟಿಯಿಲ್ಲದ ಬ್ಯಾಕಪ್ ಅದು. ಮೇಲೆ ಲ್ಯಾಪ್‌ಟಾಪಿನ ಮಾದರಿ ಮತ್ತು ತೆಗೆದ ತಿಂಗಳು ಬರೆದ ಚೀಟಿ ಅಂಟಿಸಿ, ಸ್ಥಿರವಿದ್ಯುತ್ ತಡೆಯುವ ಚೀಲದಲ್ಲಿ ಹಾಕಿಡಿ. ಬೇಕಾದ ದಿನ ನಾಲ್ಕಾರು ಸ್ಕ್ರೂ ಬಿಚ್ಚಿ ಅದನ್ನೇ ಮತ್ತೆ ಕೂರಿಸಿದರೆ ಆಲ್ಟ್-ಎಫ್10 ಮೊದಲಿನಂತೆಯೇ ಓಗೊಡುತ್ತದೆ.